ಆರದ ಆಯಾಸ, ಮನೆಯವರ ಆಸರೆ

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ಅಮ್ಮಾಜಾನ್ ಬಾವಾಜಾನ್ ದರ್ಗಾವನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಹಿಂದೂ, ಮುಸಲ್ಮಾನರೆಂಬ ಭೇದವಿಲ್ಲದೆ ಜನ ಅಲ್ಲಿಗೆ ಬರುತ್ತಾರೆ. ಮೈಗೆ ಹುಷಾರಿಲ್ಲದವರನ್ನು ಕರೆತರುವವರೂ ಬಹಳ. ಹರಕೆಯ ಮಾತನ್ನು ವಿಮರ್ಶಿಸಲು ನಾನು ಹೊರಟಿಲ್ಲ. ಕಾಯಿಲೆಯವರ ಜೊತೆಗೆ ತಾಯಿಯೋ, ಗಂಡನೋ, ಅಣ್ಣನೋ ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರಲ್ಲ, ಅದು ನನಗೆ ದೊಡ್ಡದಾಗಿ ತೋರುತ್ತದೆ. ನಮ್ಮ ಮನೆಗಳಲ್ಲಿ ಪ್ರೀತಿಗೆ ಕೊರತೆಯಿಲ್ಲ. ಆದರೆ ಅದು ಜ್ವರಕ್ಕೆ, ಗಾಯಕ್ಕೆ ಒದಗಿದಷ್ಟು ಬೇಗ ಕಣ್ಣಿಗೆ ಕಾಣದ ಆಯಾಸಕ್ಕೆ ಒದಗುವುದಿಲ್ಲ.

ನಾನು ಹೇಳುವುದು ಒಂದು ರಾತ್ರಿಯ ನಿದ್ದೆಯಿಂದ ಹೋಗುವ ದಣಿವನ್ನಲ್ಲ; ತಿಂಗಳುಗಟ್ಟಲೆ ಬಿಡದ ಆಯಾಸವನ್ನು. ಅಂಥ ಆಯಾಸವುಳ್ಳವರು ಮೊದಲು ವೈದ್ಯರಲ್ಲಿಗೆ ಹೋಗಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಷಯ, ಖಿನ್ನತೆ ಇವೂ ಆಯಾಸ ತರುತ್ತವೆ, ಇವಕ್ಕೆಲ್ಲ ಚಿಕಿತ್ಸೆಯುಂಟು. ಇಷ್ಟೆಲ್ಲ ನೋಡಿಸಿದ ಮೇಲೂ ಕಾರಣ ಸಿಕ್ಕದೆ ಉಳಿಯುವವರಿದ್ದಾರೆ. ಹಲವರಿಗೆ ಒಂದು ಸೋಂಕಿನ ಜ್ವರ ಬಂದುಹೋದ ಮೇಲೆ ಇದು ಶುರುವಾಗಿರುತ್ತದೆ. 2020ರಿಂದೀಚೆಗೆ ಕೋವಿಡ್ಡಿನ ಬಳಿಕ ಇಂಥವರನ್ನು ಲೋಕವೆಲ್ಲ ಕಂಡಿದೆ.

ಈ ಕಾಯಿಲೆಯ ಒಂದು ಗುಣವನ್ನು ಮನೆಯವರು ತಿಳಿಯಬೇಕು. ದುಡಿಮೆಯ ಬೆಲೆಯನ್ನು ಇದು ಆಗಲೇ ಕೇಳುವುದಿಲ್ಲ. ಸೋಮವಾರ ಮದುವೆಮನೆಗೆ ಹೋಗಿ ನಗುನಗುತ್ತ ಬಂದವರು ಬುಧವಾರ ಹಾಸಿಗೆಯಿಂದ ಏಳಲಾರರು. ನೆಂಟರು ಕಂಡದ್ದು ಸೋಮವಾರವನ್ನು ಮಾತ್ರ. "ಅಲ್ಲಿ ಚೆನ್ನಾಗಿಯೇ ಇದ್ದಳಲ್ಲ, ಮನೆಗೆಲಸ ಅಂದರೆ ಸುಸ್ತು" ಎಂಬ ಮಾತು ಹುಟ್ಟುವುದು ಹೀಗೆ.

ಹೀಗೆ ಎಡವಿದವರು ನಮ್ಮ ಮನೆಯವರಷ್ಟೇ ಅಲ್ಲ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸಿಬ್ಬಂದಿಯಲ್ಲೇ ಸುಮಾರು ಮುನ್ನೂರು ಮಂದಿ ಇಂಥ ಕಾಯಿಲೆ ಬಿದ್ದರು. 1970ರಲ್ಲಿ ಇಬ್ಬರು ಮನೋವೈದ್ಯರು ಹಳೆಯ ದಾಖಲೆಗಳನ್ನು ನೋಡಿ ಅದನ್ನು ಸಾಮೂಹಿಕ ಉನ್ಮಾದವೆಂದು ಬರೆದುಬಿಟ್ಟರು. ಇಂಗ್ಲೆಂಡಿನ ನೈಸ್ ಸಂಸ್ಥೆ 2021ರಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿ, ಈ ಕಾಯಿಲೆಯವರಿಗೆ ದಿನೇ ದಿನೇ ವ್ಯಾಯಾಮ ಹೆಚ್ಚಿಸುವ ಚಿಕಿತ್ಸೆ ಕೂಡದೆಂದಿತು. ಆದ್ದರಿಂದ "ಎದ್ದು ಓಡಾಡಿದರೆ ಎಲ್ಲ ಸರಿಹೋಗುತ್ತದೆ" ಎಂದು ಇವರನ್ನು ಎಬ್ಬಿಸುವುದು ಉಪಕಾರವಲ್ಲ.

ಇದನ್ನು ಮನೆಯವರಿಗೆ ಹೇಗೆ ತಿಳಿಸುವುದು? ನಮ್ಮ ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯಲ್ಲಿ ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ರೇಷ್ಮೆಹುಳು ಪೊರೆ ಬಿಡುವ ಮೊದಲು ತಲೆಯೆತ್ತಿ ಅಲುಗದೆ ಕೂರುತ್ತದೆ. ಹುಳು ಜ್ವರಕ್ಕೆ ಕೂತಿತು ಎನ್ನುತ್ತೇವೆ. ಆಗ ಸೊಪ್ಪು ಹಾಕುವುದಿಲ್ಲ, ತಟ್ಟೆ ಅಲುಗಿಸುವುದಿಲ್ಲ. ಹುಳು ಸೋಮಾರಿ ಎಂದು ಯಾವ ರೈತನೂ ಬೈದದ್ದನ್ನು ನಾನು ಕೇಳಿಲ್ಲ! ಎಲ್ಲ ಹುಳು ಜ್ವರದಿಂದ ಎದ್ದ ಮೇಲೇ ಮತ್ತೆ ಸೊಪ್ಪು. ಹುಳುವಿಗೆ ತೋರುವ ಈ ತಿಳಿವಳಿಕೆಯನ್ನು ಸೊಸೆಗೆ ತೋರುವುದು ಅಸಾಧ್ಯವೇನಲ್ಲ.

ಆದರೆ ಅದೇ ಹುಳುಮನೆಯಲ್ಲಿ ಕಷ್ಟವೂ ಇದೆ. ನಾಲ್ಕನೇ ಜ್ವರ ಎದ್ದ ಮೇಲಿನ ಸುಮಾರು ಒಂದು ವಾರದಲ್ಲಿ ಹುಳು ತನ್ನ ಬಾಳಿನ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚನ್ನು ತಿನ್ನುತ್ತದೆ. ಮನೆಮಂದಿಗೆಲ್ಲ ಹಗಲಿರುಳು ದುಡಿಮೆ. ಆ ವಾರದಲ್ಲಿ ಒಬ್ಬರು ಮಲಗಿದರೆ ಉಳಿದವರಿಗೆ ಸಿಟ್ಟು ಬರುವುದು ಸಹಜವೇ. ಅವರ ಬೆನ್ನೂ ನೋಯುತ್ತಿರುತ್ತದೆ. ಕಾಯಿಲೆಯವರು ಮಾತನಾಡಬೇಕಾದದ್ದು ಆ ವಾರದಲ್ಲಲ್ಲ, ಅದಕ್ಕೆ ಮೊದಲು. "ನನಗೆ ಆಗುವುದಿಲ್ಲ" ಎಂದಷ್ಟೇ ಹೇಳಿದರೆ ಕೇಳುವವರಿಗೆ ದಿಕ್ಕು ತೋಚದು. "ಅತ್ತೆ, ಕೂತುಕೊಂಡು ತರಕಾರಿ ಹೆಚ್ಚಿಕೊಡ್ತೀನಿ, ಲೆಕ್ಕ ಬರೀತೀನಿ, ಸೊಪ್ಪಿನ ಹೊರೆ, ನೀರಿನ ಬಿಂದಿಗೆ ಮಾತ್ರ ನನ್ನ ಕೈಲಾಗದು" ಎಂದರೆ ಅತ್ತೆಗೆ ಹಿಡಿಯಲು ಒಂದು ಎಳೆ ಸಿಕ್ಕಿತು. ಗಂಡನಿಗೂ ಒಂದು ಕೆಲಸವನ್ನು ಹೆಸರಿಟ್ಟು ಒಪ್ಪಿಸಬೇಕು. ಗಂಡಸರು ಸೂಚನೆಯಿಂದ ಅರ್ಥ ಮಾಡಿಕೊಳ್ಳುತ್ತಾರೆಂದು ಕಾಯುತ್ತ ಕೂತವರು ಬಹುಕಾಲ ಕಾದಿದ್ದಾರೆ.

ಇನ್ನೊಂದು ಉಪಾಯ ಗೋಡೆಯ ಕ್ಯಾಲೆಂಡರು. ಹೆಚ್ಚು ದುಡಿದ ದಿನಕ್ಕೊಂದು ಗುರುತು, ಮಲಗಿದ ದಿನಕ್ಕೊಂದು ಗುರುತು. ಎರಡು ತಿಂಗಳಲ್ಲಿ ಒಂದರ ಬೆನ್ನಿಗೆ ಇನ್ನೊಂದು ಬರುವುದು ಕಣ್ಣಿಗೆ ಕಾಣುತ್ತದೆ. ಬಾಯಿಮಾತನ್ನು ನಂಬದ ಮಾವನವರೂ ಕ್ಯಾಲೆಂಡರನ್ನು ನಂಬಿಯಾರು. ವೈದ್ಯರಿಗೂ ಅದನ್ನು ತೋರಿಸಿ. ಸಾಧ್ಯವಾದರೆ ಮನೆಯ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ವೈದ್ಯರ ಬಾಯಿಂದ ಬಂದ ಮಾತಿಗೆ ಮನೆಯಲ್ಲಿ ತೂಕ ಬೇರೆ.

ಮನೆಯವರೇ, ನಿಮ್ಮವರನ್ನು ಮುರುಗಮಲ್ಲಕ್ಕೆ ಕರೆದುಕೊಂಡು ಹೋಗುವುದಾದರೆ ಹೋಗಿಬನ್ನಿ. ಜನಜಂಗುಳಿಯಿಲ್ಲದ ದಿನ ನೋಡಿ, ಕೂರಲು ಒಂದು ಚಾಪೆ ಇಟ್ಟುಕೊಳ್ಳಿ. ವಾಪಸು ಬಂದ ಮೇಲೆ ಎರಡು ದಿನ ಅಡಿಗೆಮನೆಯನ್ನು ನೀವೇ ನೋಡಿಕೊಳ್ಳಿ, ಆ ದಿನಗಳಲ್ಲಿ ನೆಂಟರನ್ನು ಕರೆಯಬೇಡಿ.