ಮನೆಯ ಮೈನಿಂಗ್ ಯಂತ್ರ: ಫ್ಯಾನಿನ ಸದ್ದಿಗೆ ಏನು ಮದ್ದು?



ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣ ಗಳಿಸಲು ಬಿಡದೆ ಲೆಕ್ಕ ಮಾಡುವ ಮೈನಿಂಗ್ ಯಂತ್ರವನ್ನು ಮನೆಯಲ್ಲೇ ಇಟ್ಟುಕೊಂಡವರು ನಮ್ಮ ಊರುಗಳಲ್ಲೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಹೆಚ್ಚಿನವರು ಎಂಜಿನಿಯರಿಂಗ್ ಓದುವ ಹುಡುಗರು, ಇಲ್ಲವೇ ಐಟಿ ಕೆಲಸದವರು. ಹಳೇ ಯಂತ್ರ ಅಗ್ಗಕ್ಕೆ ಸಿಕ್ಕಿತು ಅಂತ ತರುತ್ತಾರೆ, ಸ್ಟೋರ್ ರೂಮಿನಲ್ಲೋ ಬಾಲ್ಕನಿಯಲ್ಲೋ ಇಟ್ಟು ಸ್ವಿಚ್ ಹಾಕುತ್ತಾರೆ. ಗಲಾಟೆ ಶುರುವಾಗುವುದು ಆಮೇಲೆ. ವಿಜಯನಗರದಲ್ಲಿ ನನ್ನ ಪರಿಚಯದ ಹುಡುಗನೊಬ್ಬ ಹೀಗೇ ತಂದಿಟ್ಟಿದ್ದ. ಎರಡನೇ ರಾತ್ರಿಯೇ ಕೆಳಗಿನ ಮನೆಯ ಯಜಮಾನರು ಮೆಟ್ಟಿಲು ಹತ್ತಿ ಬಂದು, "ಏನಪ್ಪಾ, ರಾತ್ರಿಯೆಲ್ಲಾ ಮಿಕ್ಸಿ ಓಡಿಸ್ತೀಯಲ್ಲ, ಅದೇನು ಅಷ್ಟೊಂದು ರುಬ್ಬೋದು?" ಅಂದರಂತೆ.

ಅವರ ಮಾತಿನಲ್ಲಿ ಉತ್ಪ್ರೇಕ್ಷೆ ಇಲ್ಲ. ಆ ಹುಡುಗ ತಂದಿದ್ದು ಆ್ಯಂಟ್‌ಮೈನರ್ ಎಸ್9. ಚೀನಾದ ಬಿಟ್‌ಮೇನ್ ಕಂಪನಿ 2016ರಲ್ಲಿ ಮಾರುಕಟ್ಟೆಗೆ ಬಿಟ್ಟ ಯಂತ್ರ; ಇವತ್ತಿಗೂ ಸೆಕೆಂಡ್ ಹ್ಯಾಂಡಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿದೆ. ಒಂದಡಿಗಿಂತ ಸ್ವಲ್ಪ ಉದ್ದದ ಅಲ್ಯೂಮಿನಿಯಂ ಪೆಟ್ಟಿಗೆ. ಒಳಗೆ ಮೂರು ಬೋರ್ಡು, ಅವುಗಳ ಮೇಲೆ ಒಟ್ಟು 189 ಚಿಪ್ಪು. ಒಂದು ತುದಿಯಲ್ಲಿ ಗಾಳಿಯನ್ನು ಒಳಗೆ ನೂಕುವ ಫ್ಯಾನು, ಇನ್ನೊಂದು ತುದಿಯಲ್ಲಿ ಹೊರಗೆ ಎಳೆಯುವ ಫ್ಯಾನು. ಎರಡೂ 120 ಮಿಲಿಮೀಟರಿನವು, ಆದರೆ ಮಾಮೂಲಿ ಕಂಪ್ಯೂಟರ್ ಫ್ಯಾನಿಗಿಂತ ದಪ್ಪ. ಪೂರ್ತಿ ವೇಗಕ್ಕೆ ಬಂದಾಗ ನಿಮಿಷಕ್ಕೆ 6000 ಸುತ್ತಿನ ಹತ್ತಿರ ಹೋಗುತ್ತವೆ. ಸದ್ದು 75 ಡೆಸಿಬೆಲ್ ಆಸುಪಾಸು.

ನಮ್ಮ ದೇಶದ ಶಬ್ದ ಮಾಲಿನ್ಯ ನಿಯಮಗಳು 2000ದಲ್ಲಿ ಬಂದವು. ಅವುಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ. ಈ ಯಂತ್ರಕ್ಕೆ ಹಗಲು ರಾತ್ರಿ ಎಂಬುದಿಲ್ಲ. ಬಯಲಿನಲ್ಲಿ ಇಟ್ಟರೆ ದೂರ ಎರಡರಷ್ಟಾದಾಗ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಆದರೆ ಕಾಂಕ್ರೀಟ್ ಗೋಡೆ, ಟೈಲ್ಸ್ ನೆಲದ ಕೋಣೆಯಲ್ಲಿ ಅಷ್ಟು ಇಳಿಯುವುದಿಲ್ಲ, ಗೋಡೆಗೆ ಬಡಿದು ವಾಪಸು ಬರುತ್ತದೆ. ಇದು ನಮ್ಮಲ್ಲಿನ ಜಗಳ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಅರ್ಕಾನ್ಸಾ ರಾಜ್ಯ 2023ರಲ್ಲಿ ಮೈನಿಂಗ್ ಕೇಂದ್ರಗಳ ಪರವಾಗಿ ಕಾನೂನು ಮಾಡಿತು; ಸುತ್ತಲಿನ ಜನ ಸದ್ದು ತಾಳಲಾರದೆ ಕೂಗಾಡಿದ ಮೇಲೆ ಮರುವರ್ಷವೇ ಆ ಕಾನೂನಿಗೆ ಶಬ್ದ ತಗ್ಗಿಸುವ ಷರತ್ತು ಸೇರಿಸಬೇಕಾಯಿತು.

ಸರಿ, ಮದ್ದೇನು? ಯಾರನ್ನೇ ಕೇಳಿ, "ಫ್ಯಾನ್ ಬದಲಾಯಿಸಿ" ಅನ್ನುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಫ್ಯಾನು ಸುಮ್ಮನೆ ಕೂಗುತ್ತಿಲ್ಲ. ಎಸ್9 ಎಳೆಯುವುದು ಸುಮಾರು 1350 ವ್ಯಾಟ್. ಚಿಪ್ಪು ಎಷ್ಟೇ ಲೆಕ್ಕ ಮಾಡಲಿ, ಒಳಗೆ ಹೋದ ಕರೆಂಟೆಲ್ಲ ಕೊನೆಗೆ ಶಾಖವಾಗಿಯೇ ಹೊರಗೆ ಬರುತ್ತದೆ. ಒಂದು ಟನ್ನಿನ ಏಸಿ ಕೋಣೆಯಿಂದ ಹೊರಹಾಕುವುದು ಮೂರೂವರೆ ಸಾವಿರ ವ್ಯಾಟಿನಷ್ಟು ಶಾಖ. ಅದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಈ ಪೆಟ್ಟಿಗೆಯೊಂದೇ ತಿಂದುಹಾಕುತ್ತದೆ. ಒಳಗೆ ಹೋದ ಗಾಳಿ 15 ಡಿಗ್ರಿಯಷ್ಟು ಮಾತ್ರ ಬಿಸಿಯಾಗಿ ಹೊರಬರಬೇಕಾದರೆ, ಗಂಟೆಗೆ ಸುಮಾರು 270 ಘನ ಮೀಟರ್ ಗಾಳಿ ಅದರ ಮೂಲಕ ಹಾಯಬೇಕು. ಅಷ್ಟು ಗಾಳಿಯನ್ನು ಚಿಪ್ಪಿನ ಶಾಖ ಹೀರುವ ಲೋಹದ ಹೀಟ್‌ಸಿಂಕಿನ ಇಕ್ಕಟ್ಟಾದ ಸಂದಿಗಳಲ್ಲಿ ನುಗ್ಗಿಸುವಾಗ ಸದ್ದು ಬಂದೇ ಬರುತ್ತದೆ.

ಹಾಗಾಗಿ ಮೊದಲು ಇಳಿಸಬೇಕಾದದ್ದು ವ್ಯಾಟು. ಚಿಪ್ಪು ಬಳಸುವ ವಿದ್ಯುತ್ತು ಅದರ ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ವೇಗ ತಗ್ಗಿಸಿದರೆ ಕಡಿಮೆ ವೋಲ್ಟೇಜಿನಲ್ಲೇ ಚಿಪ್ಪು ಕೆಲಸ ಮಾಡುತ್ತದೆ, ಎರಡೂ ಕಡೆ ಉಳಿತಾಯ. ವೇಗವನ್ನು ಸುಮಾರು ಮೂರನೇ ಒಂದು ಭಾಗ ಬಿಟ್ಟುಕೊಟ್ಟರೆ ವಿದ್ಯುತ್ತು ಹೆಚ್ಚುಕಡಿಮೆ ಅರ್ಧಕ್ಕೆ, ಅಂದರೆ 700 ವ್ಯಾಟಿನ ಹತ್ತಿರಕ್ಕೆ, ಬರುತ್ತದೆ. ಇದಕ್ಕೆ ಯಂತ್ರದ ಒಳಗಿನ ತಂತ್ರಾಂಶ, ಅದನ್ನು ಫರ್ಮ್‌ವೇರ್ ಅನ್ನುತ್ತಾರೆ, ಅದನ್ನು ಬದಲಾಯಿಸಬೇಕಾಗಬಹುದು. ಎಸ್9ಗೆ ಹೆಸರಾದದ್ದು ಝೆಕ್ ದೇಶದ ಪ್ರಾಗ್ ನಗರದ ಬ್ರೇನ್ಸ್ ಕಂಪನಿಯ ತಂತ್ರಾಂಶ. ಇಷ್ಟೇ ವ್ಯಾಟ್ ಸಾಕು, ಇಷ್ಟು ಡಿಗ್ರಿ ದಾಟಿದರೆ ಫ್ಯಾನು ಜೋರಾಗಲಿ, ಇಷ್ಟು ದಾಟಿದರೆ ಯಂತ್ರವೇ ನಿಲ್ಲಲಿ ಎಂದು ಅದರಲ್ಲಿ ಹೇಳಿಡಬಹುದು. ಒಂದೊಂದು ಚಿಪ್ಪಿಗೆ ಎಷ್ಟು ವೇಗ ಹೊಂದುತ್ತದೆ ಅಂತ ತಾನೇ ಹುಡುಕಿಕೊಳ್ಳುತ್ತದೆ. ಎರಡು ಎಚ್ಚರಿಕೆ: ಹೊಸ ಯಂತ್ರವಾದರೆ ವಾರಂಟಿ ಹೋಗುತ್ತದೆ. ಮತ್ತು ತಂತ್ರಾಂಶವನ್ನು ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ. ಯಾರೋ ಟೆಲಿಗ್ರಾಂನಲ್ಲಿ ಕಳಿಸಿದ್ದನ್ನು ಹಾಕಿದರೆ ನಿಮ್ಮ ಮನೆಯ ಕರೆಂಟಿನಲ್ಲಿ ಅವರ ಜೇಬು ತುಂಬುತ್ತದೆ.

ವ್ಯಾಟು ಇಳಿದ ಮೇಲೆ ಫ್ಯಾನಿನ ಗಣಿತ ನಮ್ಮ ಕಡೆಗೆ ವಾಲುತ್ತದೆ. ಈ ಲೆಕ್ಕ ಸ್ವಲ್ಪ ಗಮನವಿಟ್ಟು ಕೇಳಿ. ಫ್ಯಾನಿನ ವೇಗ ಅರ್ಧ ಮಾಡಿದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ 15 ಡೆಸಿಬೆಲ್ಲಿನಷ್ಟು ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇನೇ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಹದಿನೈದು ಅಂದರೆ ಮೂರನೇ ಒಂದು ಪಾಲು. ಸ್ವರವೂ ತಗ್ಗುತ್ತದೆ. ಏಳು ರೆಕ್ಕೆಯ ಫ್ಯಾನು 6000 ಸುತ್ತಿನಲ್ಲಿ ಸೆಕೆಂಡಿಗೆ 700 ಸಲ ಗಾಳಿಯನ್ನು ಕೊಯ್ಯುತ್ತದೆ, 3000 ಸುತ್ತಿನಲ್ಲಿ 350 ಸಲ. ಆ ಕೀರಲು ಹೋಗಿ ಗುಂಯ್ ಅನ್ನುವ ತಗ್ಗು ದನಿ ಬರುತ್ತದೆ, ತಲೆನೋವು ಅಷ್ಟರಮಟ್ಟಿಗೆ ಕಡಿಮೆ. ವ್ಯಾಟ್ ಇಳಿಸದೆ ಫ್ಯಾನನ್ನು ಮಾತ್ರ ನಿಧಾನ ಮಾಡಿದರೆ? ಬೋರ್ಡು ಕಾದು, ಯಂತ್ರ ತಾನಾಗಿ ನಿಂತರೆ ಪುಣ್ಯ. ಇಲ್ಲವಾದರೆ ಚಿಪ್ಪಿನ ಬೆಸುಗೆಯೇ ಬಿಡುತ್ತದೆ.

ಮುಂದಿನದು ಜಾಗ. ಬಹಳ ಮನೆಗಳಲ್ಲಿ ಯಂತ್ರ ಕೂಗುವುದಕ್ಕೆ ಕಾರಣ, ತಾನು ಹಿಂದಿನಿಂದ ಬಿಟ್ಟ ಬಿಸಿಗಾಳಿಯನ್ನೇ ಮುಂದಿನಿಂದ ಮತ್ತೆ ಕುಡಿಯುವುದು. ಕಬೋರ್ಡಿನಲ್ಲಿ ಇಟ್ಟರಂತೂ ಅದೇ ಕಥೆ. ಇದನ್ನು ಪತ್ತೆ ಮಾಡಲು ಯಾವ ಮೀಟರೂ ಬೇಡ, ಒಂದು ಊದುಬತ್ತಿ ಸಾಕು. ಯಂತ್ರ ಓಡುತ್ತಿರುವಾಗ ಅದರ ಪಕ್ಕ, ನಡುಭಾಗದ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆ ನೇರ ಮೇಲೇರಿದರೆ ಚಿಂತೆಯಿಲ್ಲ. ಹಿಂದಿನ ಕಡೆಯಿಂದ ಮುಂದಿನ ಫ್ಯಾನಿನತ್ತ ಬಾಗಿ ಓಡಿದರೆ ಗಾಳಿ ಸುತ್ತು ಹೊಡೆಯುತ್ತಿದೆ ಅಂತ ಅರ್ಥ. ನಡುವೆ ಒಂದು ತಡೆ ನಿಲ್ಲಿಸಿ, ಹಿಂಭಾಗಕ್ಕೆ ಅಡುಗೆಮನೆ ಚಿಮಣಿಗೆ ಹಾಕುವಂಥ ಆರು ಇಂಚಿನ ಅಲ್ಯೂಮಿನಿಯಂ ಪೈಪು ಜೋಡಿಸಿ ಕಿಟಕಿಯಿಂದ ಹೊರಗೆ ಬಿಡಿ. ಪೈಪು ಗಿಡ್ಡವಾಗಿರಲಿ, ತಿರುವು ಕಡಿಮೆ ಇರಲಿ. ಪ್ರತಿ ತಿರುವೂ ಫ್ಯಾನಿಗೆ ಹೊರೆ. ಪೈಪಿನ ಬಾಯಿ ಪಕ್ಕದ ಮನೆಯ ಮಲಗುವ ಕೋಣೆಯ ಕಡೆಗೆ ತಿರುಗಿರಬಾರದು, ಇದನ್ನು ಬಿಡಿಸಿ ಹೇಳಬೇಕಿಲ್ಲ.

ಊರೂ ಲೆಕ್ಕಕ್ಕೆ ಬರುತ್ತದೆ. ಡಿಸೆಂಬರಿನಲ್ಲಿ ಬೆಂಗಳೂರಿನಲ್ಲೋ ಮಡಿಕೇರಿಯಲ್ಲೋ ಸುಮ್ಮನಿದ್ದ ಯಂತ್ರ, ಏಪ್ರಿಲಿನಲ್ಲಿ ರಾಯಚೂರಿನ 40 ಡಿಗ್ರಿ ಬಿಸಿಲಲ್ಲಿ, ಅದೂ ಶೀಟಿನ ಮಾಡಿನ ಕೆಳಗೆ, ಬಾಯಿ ಮುಚ್ಚುವುದಿಲ್ಲ. ಅಲ್ಲಿಯವರು ಬೇಸಿಗೆಯಲ್ಲಿ ಓಡಿಸುವ ಯೋಚನೆಯನ್ನೇ ಬಿಡುವುದು ಮೇಲು. ಕರಾವಳಿಯವರಿಗೆ ಉಪ್ಪುಗಾಳಿಯ ತೇವದ ಕಾಟ, ಬೋರ್ಡಿನ ಕಾಲುಗಳು ಕಿಲುಬು ಹಿಡಿಯುತ್ತವೆ. ಧೂಳು ಎಲ್ಲೆಡೆಗೂ ಇದ್ದದ್ದೇ: ಯಂತ್ರ ಆರಿಸಿ, ಪ್ಲಗ್ ಕಿತ್ತು, ತಿಂಗಳಿಗೊಮ್ಮೆ ಬ್ಲೋವರಿನಲ್ಲಿ ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಗಾಳಿಗೆ ಅದು ಗಿರ್ರನೆ ತಿರುಗಿದರೆ ಬೇರಿಂಗು ಹಾಳಾಗುತ್ತದೆ. ಯಂತ್ರವನ್ನು ಕಬ್ಬಿಣದ ಬೀರುವಿನ ಮೇಲೋ ಮರದ ಹಲಗೆಯ ಮೇಲೋ ಇಟ್ಟಿದ್ದರೆ ಅದರ ನಡುಕಕ್ಕೆ ಇಡೀ ಬೀರುವೇ ದನಿಗೂಡಿಸುತ್ತದೆ. ವಾಷಿಂಗ್ ಮಷೀನಿನ ಕೆಳಗೆ ಇಡುವ ದಪ್ಪ ರಬ್ಬರ್ ಬಿಲ್ಲೆ ನಾಲ್ಕು ಮೂಲೆಗೆ ಕೊಟ್ಟು ನೆಲದ ಮೇಲೆ ಇಡಿ. ಕೆಳಮನೆಯವರಿಗೆ ತೊಲೆಯ ಮೂಲಕ ಇಳಿಯುವ ಸದ್ದು ಅದರಿಂದ ಎಷ್ಟೋ ಕಡಿಮೆಯಾಗುತ್ತದೆ.

ಇಷ್ಟೂ ಆದ ಮೇಲೆ ಫ್ಯಾನು ಬದಲಾಯಿಸುವ ಮಾತು. ಫ್ಯಾನಿನಿಂದ ನಾಲ್ಕು ತಂತಿ ಬರುತ್ತವೆ: ಒಂದು 12 ವೋಲ್ಟು, ಒಂದು ಗ್ರೌಂಡ್, ಒಂದು "ಇಷ್ಟು ವೇಗದಲ್ಲಿ ತಿರುಗು" ಅಂತ ಯಂತ್ರ ಹೇಳುವುದಕ್ಕೆ, ಇನ್ನೊಂದು "ಇಷ್ಟು ಸುತ್ತು ತಿರುಗುತ್ತಿದ್ದೇನೆ" ಅಂತ ಫ್ಯಾನು ವರದಿ ಕೊಡುವುದಕ್ಕೆ. ಆ ವರದಿ ಬರದಿದ್ದರೆ ಯಂತ್ರ ಕೆಲಸ ನಿಲ್ಲಿಸುತ್ತದೆ. ಎರಡು ತಂತಿಯ ಅಗ್ಗದ ಫ್ಯಾನು ಹಾಕಿದರೆ ಆಗುವುದಿಲ್ಲ ಎನ್ನುವುದು ಇದಕ್ಕೇ. ಸುಳ್ಳು ವರದಿ ಕೊಡುವ ಪುಟ್ಟ ಸರ್ಕ್ಯೂಟುಗಳು ಮಾರಾಟಕ್ಕಿವೆ. ಯಂತ್ರವನ್ನು ಎಣ್ಣೆಯಲ್ಲಿ ಮುಳುಗಿಸಿ ತಂಪು ಮಾಡುವವರಿಗಾಗಿ ಇರುವ ಸಾಮಾನು ಅದು. ಗಾಳಿಯಲ್ಲಿ ಓಡುವ ಯಂತ್ರಕ್ಕೆ ಅದನ್ನು ಹಾಕುವುದು ಮನೆಗೆ ಬೆಂಕಿ ಇಟ್ಟುಕೊಂಡಂತೆಯೇ.

ಒಳ್ಳೆಯ ಫ್ಯಾನು ಅಂದರೆ ಆಸ್ಟ್ರಿಯಾದ ನಾಕ್ಟುವಾ ಕಂಪನಿಯ 3000 ಸುತ್ತಿನ ಇಂಡಸ್ಟ್ರಿಯಲ್ ಮಾದರಿಯನ್ನು ಬಹಳ ಜನ ಹೇಳುತ್ತಾರೆ. ಸದ್ದು 43.5 ಡೆಸಿಬೆಲ್ ಅಂತ ಕಂಪನಿಯ ಲೆಕ್ಕ. ಆದರೆ ಅದರ ಗಾಳಿ, ಮುಂದೆ ಯಾವ ಅಡ್ಡಿಯೂ ಇಲ್ಲದಾಗ, ಗಂಟೆಗೆ ಸುಮಾರು 187 ಘನ ಮೀಟರ್. ಹೀಟ್‌ಸಿಂಕಿನ ಸಂದಿಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಹಿಂದೆ ಮುಂದೆ ಎರಡು ಹಾಕಿದರೆ ಗಾಳಿ ದುಪ್ಪಟ್ಟಾಗುವುದಿಲ್ಲ, ನುಗ್ಗುವ ಒತ್ತಡ ಮಾತ್ರ ಹೆಚ್ಚುತ್ತದೆ. ಪೂರ್ತಿ 1350 ವ್ಯಾಟಿಗೆ 270 ಘನ ಮೀಟರ್ ಬೇಕು ಅಂದೆನಲ್ಲ, ಹೋಲಿಸಿ ನೋಡಿ. 700 ವ್ಯಾಟಿಗೆ ಇಳಿಸಿದ ಯಂತ್ರಕ್ಕೆ ಮಾತ್ರ ಈ ಫ್ಯಾನು ಹೊಂದೀತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಫ್ಯಾನು ಕೊಳ್ಳುವಾಗ "ಸೈಲೆಂಟ್" ಅಂತ ಬರೆದಿದೆಯೇ ಅಂತ ನೋಡಬೇಡಿ, ಸ್ಟ್ಯಾಟಿಕ್ ಪ್ರೆಷರ್, ಅಂದರೆ ನುಗ್ಗುವ ಒತ್ತಡ, ಎಷ್ಟು, ಎಷ್ಟು ಆಂಪಿಯರ್ ಅಂತ ಕೇಳಿ. ಬಣ್ಣದ ದೀಪದ ಫ್ಯಾನುಗಳಿಂದ ಇಲ್ಲಿ ಪ್ರಯೋಜನವಿಲ್ಲ.

ಫ್ಯಾನು ಬದಲಾಯಿಸಿದರೂ ಕೀರಲು ದನಿ ಉಳಿದರೆ ಅದು ಯಂತ್ರಕ್ಕೆ ಕರೆಂಟು ಕೊಡುವ ಪವರ್ ಸಪ್ಲೈ ಪೆಟ್ಟಿಗೆಯೊಳಗಿನ ಸಣ್ಣ ಫ್ಯಾನಿನದು. ಆ ಪೆಟ್ಟಿಗೆಯನ್ನು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಸ್ವಲ್ಪ ಹೊತ್ತು ನಿಂತಿರುತ್ತದೆ.

ಯಂತ್ರದ ಸುತ್ತ ಪೆಟ್ಟಿಗೆ ಕಟ್ಟಿ ಸದ್ದು ಮುಚ್ಚುವವರೂ ಇದ್ದಾರೆ. ದಪ್ಪ ಪ್ಲೈವುಡ್ಡಿನ ಪೆಟ್ಟಿಗೆ, ಗಾಳಿ ಒಳಬರುವ, ಹೊರಹೋಗುವ ದಾರಿಗಳು ನೇರವಾಗಿರದೆ ಒಂದೆರಡು ತಿರುವು ತೆಗೆದುಕೊಳ್ಳುವಂತೆ, ಒಳಗೋಡೆಗೆ ರಾಕ್‌ವೂಲ್ ಹಲಗೆ: ಹೀಗೆ ಮಾಡಿದರೆ ಕೆಲಸ ಆಗುತ್ತದೆ. ಸೋಫಾದ ಸ್ಪಂಜು, ಥರ್ಮೋಕೋಲು, ಮೊಟ್ಟೆಯ ಟ್ರೇ ಬೇಡವೇ ಬೇಡ. ಸದ್ದನ್ನು ತಡೆಯುವಷ್ಟು ತೂಕ ಅವುಗಳಿಗಿಲ್ಲ, ಹತ್ತಿಕೊಂಡರೆ ಮಾತ್ರ ಧಗಧಗ ಉರಿಯುತ್ತವೆ.

ಕರೆಂಟಿನ ಬಗ್ಗೆ ಒಂದು ಮಾತು. ಎಸ್9 ಆರು ಆಂಪಿಯರಿನಷ್ಟು ಎಳೆಯುತ್ತದೆ, ಮೊಬೈಲ್ ಚಾರ್ಜ್ ಮಾಡುವ ಸಣ್ಣ ಪ್ಲಗ್ಗಿಗೂ ಎಕ್ಸ್‌ಟೆನ್ಷನ್ ಬೋರ್ಡಿಗೂ ಅದನ್ನು ಸಿಕ್ಕಿಸಬೇಡಿ. ಅದೇ ಕಂಪನಿಯ 2020ರ ಎಸ್19 ಯಂತ್ರ ಆದರೆ 3250 ವ್ಯಾಟು, 14 ಆಂಪಿಯರು, ಹಗಲೂ ರಾತ್ರಿ. ಅದಕ್ಕೆ ಪ್ರತ್ಯೇಕ ಲೈನು, ಪ್ರತ್ಯೇಕ ಎಂಸಿಬಿ, ಸರಿಯಾದ ಅರ್ಥಿಂಗ್ ಬೇಕು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರನ್ನೇ ಕರೆಸಿ.

ಇನ್ನು ಬಿಲ್ಲು. 1350 ವ್ಯಾಟ್ ದಿನವಿಡೀ ಓಡಿದರೆ ದಿನಕ್ಕೆ 32 ಯೂನಿಟ್ಟು, ತಿಂಗಳಿಗೆ 970ರ ಹತ್ತಿರ. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ 200 ಯೂನಿಟ್ ಮಿತಿ ಒಂದೇ ವಾರದಲ್ಲಿ ದಾಟಿತು. ಯೂನಿಟ್ಟಿಗೆ ಆರು ರೂಪಾಯಿ ಅಂತ ಹಿಡಿದರೂ 5,800 ರೂಪಾಯಿ. ಅತ್ತ 2024ರ ಏಪ್ರಿಲಿನಲ್ಲಿ ಒಂದು ಬ್ಲಾಕಿಗೆ, ಅಂದರೆ ಲೆಕ್ಕ ಗೆದ್ದು ಸೇರಿಸುವ ವಹಿವಾಟುಗಳ ಒಂದು ಕಟ್ಟಿಗೆ, ಸಿಗುವ ಪ್ರತಿಫಲ 6.25 ಬಿಟ್‌ಕಾಯಿನ್‌ನಿಂದ 3.125ಕ್ಕೆ ಇಳಿಯಿತು. ನಮ್ಮಲ್ಲಿ 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಲಾಭಕ್ಕೆ ಶೇಕಡಾ 30 ತೆರಿಗೆ. ಯಂತ್ರದ ಖರ್ಚು, ಕರೆಂಟಿನ ಖರ್ಚು ಅದರಲ್ಲಿ ಕಳೆಯಲು ಬರುವುದಿಲ್ಲ. ಎಸ್9ನಂಥ ಹಳೇ ಯಂತ್ರಕ್ಕೆ ಮನೆಯ ದರದಲ್ಲಿ ಕರೆಂಟಿನ ದುಡ್ಡೂ ಹುಟ್ಟುವುದಿಲ್ಲ. ಕುತೂಹಲಕ್ಕೆ, ಕಲಿಯುವುದಕ್ಕೆ ಬೇಕು ಅನ್ನುವವರಿಗೆ ಬಿಟ್‌ಆ್ಯಕ್ಸ್ ಎಂಬ ಅಂಗೈಯಗಲದ ಒಂಟಿ ಚಿಪ್ಪಿನ ಯಂತ್ರವಿದೆ. ಇಪ್ಪತ್ತು ವ್ಯಾಟಿನ ಆಸುಪಾಸು ಸಾಕು, ಒಂದು ಪುಟ್ಟ ಫ್ಯಾನು. ಅದರಿಂದ ಬ್ಲಾಕ್ ಸಿಕ್ಕರೆ ಲಾಟರಿ ಹೊಡೆದಂತೆ, ಸಿಗದಿದ್ದರೆ ನಿದ್ದೆಯಂತೂ ಕೆಡುವುದಿಲ್ಲ.

ಎಸ್9 ಈಗಾಗಲೇ ಮನೆಯಲ್ಲಿದ್ದು, ಅದರ ಮೇಲೆ ಕಲಿಯುವ ಆಸೆ ಇದ್ದರೆ 700 ವ್ಯಾಟಿಗೆ ಇಳಿಸಿ, ಹಗಲು ಹೊತ್ತಿನಲ್ಲಿ ಓಡಿಸಿ, ರಾತ್ರಿ ಹತ್ತಕ್ಕೆ ಆರಿಸಿ. ಸಂಪಾದನೆಗೆಂದು ತಂದಿದ್ದರೆ ಹೊಸ ಫ್ಯಾನಿಗೆ ಮತ್ತೆ ದುಡ್ಡು ಹಾಕಬೇಡಿ.