ಕಾಗದ ನಮ್ಮದಾಗಿತ್ತು, ಅಚ್ಚು ತಡವಾಯಿತು

ನಿಮ್ಮ ಕೈಯಲ್ಲಿರುವ ಈ ಹಾಳೆಯನ್ನೊಮ್ಮೆ ಮುಟ್ಟಿ ನೋಡಿ. ಚೀನಾದಲ್ಲಿ ಹುಟ್ಟಿದ ಕಾಗದದ ವಿದ್ಯೆ 8ನೇ ಶತಮಾನದಲ್ಲಿ ಸಮರ್ಕಂದಿನ ಹಾದಿಯಾಗಿ ಬಗ್ದಾದಿಗೆ ಬಂತು. ಅಲ್ಲಿ ಕಾಗದ ಮಾರುವ, ಗ್ರಂಥ ನಕಲು ಮಾಡಿಕೊಡುವ ‘ವರ್ರಾಕ್’ಗಳ ಒಂದು ಪೇಟೆಯೇ ಇತ್ತು. ಸ್ಪೇನ್ ಮೂಲಕ ಅದನ್ನು ಯುರೋಪಿಗೆ ದಾಟಿಸಿದವರೂ ಮುಸ್ಲಿಮರೇ.

ಅಚ್ಚಿನ ವಿಷಯದಲ್ಲಿ ಮಾತ್ರ ನಾವು ಹಿಂದುಳಿದೆವು. ಜರ್ಮನಿಯಲ್ಲಿ ಗುಟೆನ್‌ಬರ್ಗ್ ಬೈಬಲ್ ಸಿದ್ಧವಾದದ್ದು ಸುಮಾರು 1455ರಲ್ಲಿ. ಇಸ್ತಾಂಬುಲಿನಲ್ಲಿ ಇಬ್ರಾಹಿಂ ಮುತೆಫೆರ್ರಿಕಾರಿಗೆ ಮುದ್ರಣದ ಅನುಮತಿ ಸಿಕ್ಕಿದ್ದು 1727ರಲ್ಲಿ. ಅದೂ ಧಾರ್ಮಿಕ ಗ್ರಂಥಗಳನ್ನು ಬಿಟ್ಟು. ನಕಲುಗಾರರ ಹೊಟ್ಟೆಪಾಡು ಅಡ್ಡಬಂತೆನ್ನುತ್ತಾರೆ. ಅದೊಂದೇ ಕಾರಣವೆಂದು ನಾನು ಒಪ್ಪಲಾರೆ. ಆದರೆ ನಷ್ಟವಾದದ್ದು ದುಬಾರಿ ಕೈಬರಹದ ಪ್ರತಿ ಕೊಳ್ಳಲಾಗದ ಬಡ ವಿದ್ಯಾರ್ಥಿಗೆ. 1729ರಲ್ಲಿ ಆ ಮುದ್ರಣಾಲಯದಿಂದ ಮೊದಲು ಹೊರಬಂದದ್ದು ಒಂದು ಅರಬ್ಬಿ–ತುರ್ಕಿ ನಿಘಂಟು.