ಭೂಮಿಯ ಲೆಕ್ಕ, ಮಂದಿಯ ಲೆಕ್ಕ



ರಬಕವಿ–ಬನಹಟ್ಟಿಗೆ ಇವತ್ತು ಒಂದೇ ನಗರಸಭೆ. 1948ಕ್ಕೆ ಮೊದಲು ಈ ಎರಡೂರುಗಳಿಗೆ ಬೇರೆ ಬೇರೆ ದೊರೆಗಳಿದ್ದರು. ರಬಕವಿ ಸಾಂಗಲಿ ಪಟವರ್ಧನರದು, ಬನಹಟ್ಟಿ ಜಮಖಂಡಿ ಪಟವರ್ಧನರದು. ಮಹಾಲಿಂಗಪುರಕ್ಕೆ ಹೋದರೆ ಮುಧೋಳದ ಘೋರ್ಪಡೆಯವರ ಆಳಿಕೆ. ಬೀಳಗಿ ಮಾತ್ರ ಇಂಗ್ಲಿಷರ ನೇರ ಆಡಳಿತದ ವಿಜಾಪುರ ಜಿಲ್ಲೆಯಲ್ಲಿತ್ತು. ಇಷ್ಟು ಚಿಕ್ಕ ಸೀಮೆಯಲ್ಲಿ ನಾಲ್ಕು ಸರಕಾರಗಳು! ಆದರೂ ಯಾವ ಹಳ್ಳಿಯ ಚಾವಡಿಗೆ ಹೋದರೂ ಅವರೇ ಇರುತ್ತಿದ್ದರು: ಗೌಡ, ಕುಲಕರ್ಣಿ, ವಾಲೀಕಾರ, ತಳವಾರ.

ಈ ವ್ಯವಸ್ಥೆ ದೊರೆಗಳಿಗಿಂತ ಗಟ್ಟಿಯಾಗಿತ್ತು. ವಿಜಾಪುರದ ಮೊದಲನೆಯ ಇಬ್ರಾಹಿಂ ಆದಿಲ್‌ಶಾಹ ಹದಿನಾರನೆಯ ಶತಮಾನದಲ್ಲಿ ಸರಕಾರಿ ಲೆಕ್ಕವನ್ನು ಫಾರಸಿಯಿಂದ ದೇಶಭಾಷೆಗೆ ತಂದು ಬ್ರಾಹ್ಮಣ ಲೆಕ್ಕಿಗರ ಕೈಗೆ ಕೊಟ್ಟ. ಫಾರಸಿಯ ತವರಾದ ಇರಾನಿನ ಹಳ್ಳಿಗಳಲ್ಲಿಯೂ ಕದ್‌ಖುದಾ ಎಂಬ ಮುಖ್ಯಸ್ಥನಿದ್ದ. ಅವನು ಬಹುತೇಕ ಜಮೀನುದಾರನ ಮರ್ಜಿಯಲ್ಲಿದ್ದವನು. ನಮ್ಮ ಗೌಡಕಿ ಹಾಗಲ್ಲ. ಅದು ವತನ, ಮನೆತನದ ಹಕ್ಕು. ಆದಿಲ್‌ಶಾಹಿ ಹೋಯಿತು, ಪೇಶವಾಯಿ ಹೋಯಿತು, ಗೌಡರ ಮನೆತನ ಉಳಿಯಿತು.

ಕುಲಕರ್ಣಿಯ ದಫ್ತರದಲ್ಲಿ ಊರು ಹೇಗೆ ಕಾಣುತ್ತಿತ್ತೆಂದು ತಿಳಿಯಲು ಒಂದು ಹಳೆಯ ಉತಾರ ಬಿಚ್ಚಿ ನೋಡಿ. ಸರ್ವೆ ನಂಬರು, ಎಕರೆ–ಗುಂಟೆ, ಖರಾಬು, ಆಕಾರ, ಖಾತೇದಾರನ ಹೆಸರು, ಆ ವರ್ಷದ ಪೀಕು. ಒಂದು ಗುಂಟೆಯೂ ತಪ್ಪಿಹೋಗಿಲ್ಲ. ಆದರೆ ಆ ಜೋಳದ ಹೊಲದಲ್ಲಿ ಕಸ ತೆಗೆದ ಹೆಣ್ಣುಮಗಳು ಅದರಲ್ಲಿಲ್ಲ. ಬನಹಟ್ಟಿಯ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತ ನೇಕಾರನೂ ಇಲ್ಲ. ಕಂದಾಯ ಕೊಡುವ ಮಣ್ಣಿಗೆ ಹೆಸರಿತ್ತು, ಕಂದಾಯ ಕೊಡದ ಮನುಷ್ಯನಿಗೆ ಇರಲಿಲ್ಲ. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ: ಆಡಳಿತ ಎಷ್ಟೇ ಬದಲಾದರೂ ಈ ರೂಢಿ ನಮ್ಮನ್ನು ಪೂರ್ತಿ ಬಿಟ್ಟುಹೋಗಿಲ್ಲ.

ತಲೆ ಎಣಿಸುವ ಪದ್ಧತಿ ಬಂದದ್ದು 1872ರಲ್ಲಿ. ಆಗ ಕಲಾದಗಿ ಜಿಲ್ಲೆಯಲ್ಲಿ, ಅಂದರೆ ಮುಂದೆ ವಿಜಾಪುರ ಎನಿಸಿಕೊಂಡ ಜಿಲ್ಲೆಯಲ್ಲಿ, ಎಂಟು ಲಕ್ಷಕ್ಕೂ ಹೆಚ್ಚು ಜನ. ನಡುವೆ 1876–78ರ ಬರ ಬಿತ್ತು. 1881ರ ಗಣತಿಗೆ ಸಿಕ್ಕವರು ಆರೂವರೆ ಲಕ್ಷಕ್ಕೂ ಕಡಿಮೆ. ಐವರಲ್ಲಿ ಒಬ್ಬರು ಇಲ್ಲ! ಸತ್ತವರೆಷ್ಟು, ಗುಳೆ ಹೋದವರೆಷ್ಟು ಎಂದು ಊರೂರಿನ ದಫ್ತರ ಹೇಳುವುದಿಲ್ಲ. ಬಿದ್ದ ಹೊಲದ ಬಾಕಿಯನ್ನು ಮಾತ್ರ ಹೇಳುತ್ತದೆ. ಆಮೇಲೆ ಊರುಗಳು ನಿಧಾನವಾಗಿ ತುಂಬಿಕೊಂಡವು. 1901ರಲ್ಲಿ ಜಮಖಂಡಿ ಸಂಸ್ಥಾನದಲ್ಲಿ 1,05,357, ಮುಧೋಳದಲ್ಲಿ 63,001 ಜನರಿದ್ದರು.

ಮಂದಿಯಿಂದಲೇ ಶುರುವಾಗುವ ಆಡಳಿತ ಸಾಧ್ಯವಿತ್ತೇ? ಇತ್ತು, ಕೃಷ್ಣೆಯ ಆಚೆ ದಂಡೆಯ ಸೀಮೆಯಲ್ಲಿಯೇ ಇತ್ತು. ಗುಣದಾಳವು ಔಂಧ ಸಂಸ್ಥಾನದ ಕನ್ನಡ ತಾಲ್ಲೂಕು. 1939ರ ಜನವರಿಯಲ್ಲಿ ರಾಜಾ ಭವಾನರಾವ್ ತನ್ನ ಅಧಿಕಾರವನ್ನು ಪ್ರಜೆಗಳಿಗೆ ಬಿಟ್ಟುಕೊಟ್ಟ. ಸಲಹೆ ಗಾಂಧೀಜಿಯದು. ಹೊಸ ಸಂವಿಧಾನದ ಕರಡಿನ ಹಿಂದೆ ದುಡಿದವನು ಪೋಲಂಡಿನಿಂದ ಬಂದು ಬೆಂಗಳೂರಿನಲ್ಲಿ ಸರಕಾರಿ ವಿದ್ಯುತ್ ಕಾರ್ಖಾನೆ ನಡೆಸುತ್ತಿದ್ದ ಮಾರಿಸ್ ಫ್ರಿಡ್‌ಮನ್. ಪ್ರತಿ ಹಳ್ಳಿಗೆ ಆಯ್ಕೆಯಾದ ಐವರು ಪಂಚರು, ಅವರ ಅಧ್ಯಕ್ಷರು ಸೇರಿ ತಾಲ್ಲೂಕು ಪಂಚಾಯತಿ, ಅಲ್ಲಿಂದ ಮೇಲಿನ ಸಭೆ. 72 ಹಳ್ಳಿಗಳ ಈ ಪ್ರಯೋಗ ಸಂಸ್ಥಾನದ ವಿಲೀನದೊಂದಿಗೆ ಮುಗಿಯಿತು. ನಮ್ಮ ಪಂಚಾಯತಿ ಚರಿತ್ರೆಯಲ್ಲಿ ಗುಣದಾಳಕ್ಕೆ ಒಂದು ಪುಟ ಸಿಗದಿರುವುದು ನನಗೆ ನೋವಿನ ಸಂಗತಿ.

ಸ್ವಾತಂತ್ರ್ಯದ ನಂತರ ಕುಲಕರ್ಣಿ ವತನ ಹೋಯಿತು, 1963ರಲ್ಲಿ ಉಳಿದ ಗ್ರಾಮಾಧಿಕಾರಗಳೂ ಹೋದವು. ಸಂಬಳದ ತಲಾಟಿ ಬಂದ. 1993ರ ಪಂಚಾಯತ್ ರಾಜ್ ಕಾನೂನು 400 ಜನಕ್ಕೆ ಒಬ್ಬ ಸದಸ್ಯನೆಂದು ಗೊತ್ತುಪಡಿಸಿತು. ಇದು ದೊಡ್ಡ ಮಾತು. ಪ್ರಾತಿನಿಧ್ಯ ಎಕರೆ ಬಿಟ್ಟು ತಲೆಗೆ ಬಂತು.

ಆದರೆ ತಲೆ ಎಣಿಸಿದ್ದು ಯಾವಾಗ? 2011ರಲ್ಲಿ. ಮುಂದಿನ ಗಣತಿಗೆ ಗೊತ್ತಾದ ದಿನ 2027ರ ಮಾರ್ಚ್ 1. ಈ ನಡುವೆ ಬೀಳಗಿ ತಾಲ್ಲೂಕಿನ ಮುಳುಗಡೆ ಊರುಗಳನ್ನು ನೋಡಿ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟವರಲ್ಲಿ ಕೆಲವರು ಪುನರ್ವಸತಿ ಕೇಂದ್ರದಲ್ಲಿ ಮನೆ ಕಟ್ಟಿದರು, ಕೆಲವರು ಬಾಗಲಕೋಟೆ ಸೇರಿದರು, ದುಡಿಯುವ ವಯಸ್ಸಿನವರು ಗೋವಾ, ಮಂಗಳೂರಿನ ಕಡೆ ಹೋದರು. ರೇಶನ್ ಕಾರ್ಡು ಒಂದು ಕಡೆ, ಓಟು ಇನ್ನೊಂದು ಕಡೆ, ದುಡಿಮೆ ಮತ್ತೊಂದು ಕಡೆ. ಮುಧೋಳ ಸೀಮೆಯಲ್ಲಿ ಇದಕ್ಕೆ ಉಲ್ಟಾ. ಕಬ್ಬಿನ ಹಂಗಾಮು ಬಂತೆಂದರೆ ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ ಕಟಾವಿನ ಗ್ಯಾಂಗುಗಳು ಕೂಸು, ಎತ್ತು ಸಮೇತ ಬಂದು ತಿಂಗಳುಗಟ್ಟಲೆ ಜೋಪಡಿಯಲ್ಲಿರುತ್ತವೆ. ನಮ್ಮ ಸಕ್ಕರೆ ಅವರ ಕೈಯಿಂದಲೇ ಬರುವುದು. ಅವರ ಮಕ್ಕಳ ಶಾಲೆ ಯಾವ ಪಂಚಾಯತಿಯ ಹೊಣೆ?

ಈಗ ಆಲಮಟ್ಟಿಯ ನೀರಿನ ಮಟ್ಟ 519.6 ಮೀಟರಿನಿಂದ 524.256ಕ್ಕೆ ಏರಬೇಕಾಗಿದೆ. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಮುಳುಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರ ಎಂದು ತೀರ್ಮಾನಿಸಿತು. ರೈತರು ವರ್ಷಗಟ್ಟಲೆ ಹೋರಾಡಿ ಪಡೆದ ದರ ಅದು, ಅದು ಅವರಿಗೆ ಸಲ್ಲಬೇಕು. ಆದರೆ ದರ ಇರುವುದು ಎಕರೆಗೆ. ಆ ಹೊಲಗಳನ್ನು ನಂಬಿದ ಕೂಲಿಕಾರರು, ಪಾಲಿಗೆ ಮಾಡುವವರು, ಬಡಿಗ–ಕಮ್ಮಾರರು, ಕುರಿ ಮೇಯಿಸುವವರು ಯಾವ ಉತಾರದಲ್ಲೂ ಇಲ್ಲ. ನೀರು ಏರುವ ಮೊದಲೇ ಪ್ರತಿ ಗ್ರಾಮಸಭೆ ಕೂತು, ಮನೆ ಮನೆಯ ಹೆಸರು ಗಟ್ಟಿಯಾಗಿ ಓದಿ, ಇಂಥವರ ಪಟ್ಟಿಯನ್ನು ತಾನೇ ಬರೆದು ಠರಾವು ಮಾಡಲಿ. ಅದಕ್ಕೆ ಬೆಂಗಳೂರಿನ ಅಪ್ಪಣೆ ಬೇಕಾಗಿಲ್ಲ.